ಗುರುಪೀಠ ಒಲ್ಲದ ಬೋಧಕರು: ರಾಯಚೂರು ಸೀಮೆಯ ದಾಸ ಪರಂಪರೆ

ಅಧ್ಯಾತ್ಮವನ್ನು ಬೋಧಿಸಿಯೂ ಗುರುವೆನಿಸಿಕೊಳ್ಳಲು ಒಪ್ಪದವರ ಸಾಲೊಂದು ಭಾರತದಲ್ಲಿ ಹಿಂದಿನಿಂದಲೂ ಇದೆ. ಕೆಲವರು ಪೀಠವನ್ನಷ್ಟೇ ಒಲ್ಲೆನೆಂದರು. ಕೆಲವರು ದೀಕ್ಷೆ ಕೊಡಲಿಲ್ಲ, ಶಿಷ್ಯರ ಲೆಕ್ಕ ಇಡಲಿಲ್ಲ. ಇನ್ನು ಕೆಲವರು ಗುರು ಎಂಬ ಕಲ್ಪನೆಗೇ ಬೆನ್ನು ತಿರುಗಿಸಿದರು. ಕನ್ನಡ ನಾಡಿನಲ್ಲಿ ಇದು ಒಬ್ಬಿಬ್ಬರ ಸ್ವಭಾವವಾಗಿ ಉಳಿಯದೆ ಒಂದು ಪರಂಪರೆಯ ನಡೆಯಾಗಿ ಕಾಣಿಸಿದ್ದು 18ನೆಯ ಶತಮಾನದ ರಾಯಚೂರು ಸೀಮೆಯಲ್ಲಿ. ಮಾನ್ವಿ ಬಳಿಯ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು ಈ ಪರಂಪರೆಯ ಮೂರು ಮುಖ್ಯ ಹೆಸರುಗಳು. ಮೂವರೂ ಕಾವಿ ಉಟ್ಟವರಲ್ಲ, ಮಠ ಕಟ್ಟಿದವರಲ್ಲ. ಊರ ಜನ ಬಂದು ಕಾಲಿಗೆ ಬಿದ್ದರೂ ದಾಸರೆಂಬ ಹೆಸರನ್ನೇ ಕೊನೆಯತನಕ ಹೊತ್ತವರು.

ಆದರೆ ಇವರನ್ನು ಗುರುತತ್ತ್ವದ ವಿರೋಧಿಗಳೆಂದು ಕರೆಯಲು ಬರುವುದಿಲ್ಲ. ಇವರು ನಂಬಿದ ಮಾಧ್ವ ಮತದಲ್ಲಿ ಗುರುವಿನ ಪ್ರಸಾದವಿಲ್ಲದೆ ಜ್ಞಾನವಿಲ್ಲ. ಹಾಗಾಗಿ ಗುರುವಿನ ಸ್ಥಾನವನ್ನು ಇವರು ಬರಿದು ಮಾಡಲಿಲ್ಲ. ಅಲ್ಲಿ ಹರಿಯನ್ನು, ಮುಖ್ಯಪ್ರಾಣನಾದ ವಾಯುವನ್ನು, ಎಂದೋ ತೀರಿಹೋದ ಪುರಂದರದಾಸರನ್ನು ಕೂರಿಸಿ, ಬದುಕಿರುವ ಯಾವ ಮನುಷ್ಯನಿಗೂ ಜಾಗ ಉಳಿಯದಂತೆ ನೋಡಿಕೊಂಡರು. 20ನೆಯ ಶತಮಾನದಲ್ಲಿ ಜಿಡ್ಡು ಕೃಷ್ಣಮೂರ್ತಿಯವರಂಥವರು ಮಾಡಿದ ನಿರಾಕರಣೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಸೀಮೆ ಮತ್ತು ಕಾಲ

ರಾಯಚೂರು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬು. ಹಳೆಯ ಶಾಸನಗಳಲ್ಲಿ ಇದು ಎಡೆದೊರೆನಾಡು. ಬಡಗಣದಲ್ಲಿ ಕೃಷ್ಣೆಯ ಕಡೆಗೆ ದೇವದುರ್ಗ, ತೆಂಕಣದಲ್ಲಿ ತುಂಗಭದ್ರೆಯ ಕಡೆಗೆ ಮಾನ್ವಿ, ಮೂಡಣದಲ್ಲಿ 1294ರಲ್ಲಿ ಕಟ್ಟಿದ ಕೋಟೆಯ ರಾಯಚೂರು ನಗರ. ಈ ಫಲವತ್ತಾದ ಕಪ್ಪು ನೆಲಕ್ಕಾಗಿ ವಿಜಯನಗರ ಮತ್ತು ಬಹಮನಿ, ಅನಂತರ ವಿಜಯನಗರ ಮತ್ತು ಬಿಜಾಪುರದ ಅರಸರು ಎರಡು ಶತಮಾನ ಕಾದಾಡಿದರು. 1520ರ ರಾಯಚೂರು ಯುದ್ಧ ಆ ಸಾಲಿನಲ್ಲಿ ಪ್ರಸಿದ್ಧವಾದದ್ದು.

ವಿಜಯನಗರದ ಕಾಲದಲ್ಲಿ ಮಾಧ್ವ ಯತಿಗಳಿಗೆ ಅರಮನೆಯ ಆಸರೆ ಇತ್ತು. ವ್ಯಾಸರಾಯರು ಹಂಪಿಯಲ್ಲಿ ರಾಜಮನ್ನಣೆ ಪಡೆದ ಪೀಠಾಧಿಪತಿಗಳು. ಪುರಂದರದಾಸರು, ಕನಕದಾಸರು ಅವರ ಸುತ್ತ ಬೆಳೆದವರು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆ ಆಸರೆ ಹೋಯಿತು. ಮಠಗಳು ಹೊಸ ದೊರೆಗಳಿಂದ ಭೂಮಿ ಪಡೆದು ಉಳಿದವು. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ವೃಂದಾವನಸ್ಥರಾದ ಮಂತ್ರಾಲಯವು ಆದವಾನಿಯ ಸಿದ್ದಿ ಮಸೂದ್ ಖಾನ್ ಕೊಟ್ಟ ದತ್ತಿಯೆಂಬುದು ಪ್ರಸಿದ್ಧ ಸಂಗತಿ. ದಾಸರಿಗೆ ಅಂಥ ದತ್ತಿಗಳ ಆಸರೆ ಇರಲಿಲ್ಲ. ಪುರಂದರ, ಕನಕರ ನಂತರ ಹಾಡಿಕೆಯ ಪರಂಪರೆ ಬಹುಕಾಲ ಸೊರಗಿತು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು, 1724ರ ಹೊತ್ತಿಗೆ ಈ ಸೀಮೆ ನಿಜಾಮರ ಕೈಗೆ ಬಂತು. ದಾಸ ಸಾಹಿತ್ಯದ ಎರಡನೆಯ ಸುಗ್ಗಿ ಶುರುವಾದದ್ದು ಈ ಅಸ್ಥಿರ ಕಾಲದಲ್ಲಿ, ರಾಜಧಾನಿಯಿಂದ ದೂರವಾದ ಹಳ್ಳಿಗಳಲ್ಲಿ.

ಪೀಠ ಮತ್ತು ದಾಸತ್ವ

ಮಾಧ್ವ ಸಂಪ್ರದಾಯವನ್ನು ವಿದ್ವಾಂಸರು ವ್ಯಾಸಕೂಟ ಮತ್ತು ದಾಸಕೂಟ ಎಂದು ವಿಂಗಡಿಸಿ ಹೇಳುವುದುಂಟು. ಮೊದಲಿನದು ಸಂಸ್ಕೃತದಲ್ಲಿ ಶಾಸ್ತ್ರ ಬರೆಯುವ, ವಾದ ಮಾಡುವ ಪಂಡಿತರದು. ಎರಡನೆಯದು ಕನ್ನಡದಲ್ಲಿ ಹಾಡುವವರದು. ವ್ಯಾಸರಾಯರು, ವಾದಿರಾಜರು ಎರಡೂ ಕಡೆ ಸಲ್ಲುವುದರಿಂದ ಇದನ್ನು ಎರಡು ಮತಗಳ ಒಡಕೆಂದು ತಿಳಿಯಬೇಕಾಗಿಲ್ಲ. ಅಧಿಕಾರದ ಪ್ರಶ್ನೆಯಲ್ಲಿ ಮಾತ್ರ ಎರಡರ ನಡುವಿನ ಗೆರೆ ಸ್ಪಷ್ಟ.

ಪೀಠಾಧಿಪತಿ ಸಂನ್ಯಾಸಿ. ಅವನಿಗೆ ಸಂಸ್ಥಾನದ ಆರಾಧ್ಯ ಪ್ರತಿಮೆಗಳ ಪೂಜೆಯ ಹಕ್ಕಿದೆ. ಆಷಾಢದ ಪ್ರಥಮೈಕಾದಶಿಯಂದು ಶಿಷ್ಯರ ಮೈಮೇಲೆ ಶಂಖಚಕ್ರಗಳ ತಪ್ತಮುದ್ರೆ ಒತ್ತುವ ಅಧಿಕಾರವಿದೆ. ಪಾದಪೂಜೆ, ಭಿಕ್ಷೆ, ಪಲ್ಲಕ್ಕಿ, ಉತ್ತರಾಧಿಕಾರಿಯ ನೇಮಕ ಎಲ್ಲವೂ ಆ ಪದವಿಯೊಡನೆ ಬರುವಂಥವು. ದಾಸನಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನು ಹೆಂಡತಿ ಮಕ್ಕಳಿರುವ ಗೃಹಸ್ಥ. ಕಾಲಲ್ಲಿ ಗೆಜ್ಜೆ, ಕೈಯಲ್ಲಿ ತಂಬೂರಿ ಮತ್ತು ತಾಳ, ಹೆಗಲಲ್ಲಿ ಭಿಕ್ಷೆಯ ಗೋಪಾಳಬುಟ್ಟಿ. ಮನೆಮನೆಯ ಮುಂದೆ ಹಾಡಿ, ಕೊಟ್ಟಷ್ಟು ಕಾಳು ಪಡೆದು, ಅಂದಿನದನ್ನು ಅಂದೇ ಮುಗಿಸುವುದು ಅವನ ಮಧುಕರ ವೃತ್ತಿ. ಹೂವಿನಿಂದ ಹೂವಿಗೆ ಹೋಗಿ ಸ್ವಲ್ಪ ಸ್ವಲ್ಪವೇ ಹೀರುವ ದುಂಬಿಯಿಂದ ಬಂದ ಹೆಸರು ಅದು. ಒಂದೇ ಮನೆಗೆ ಭಾರವಾಗಬಾರದು, ನಾಳೆಗೆ ಕೂಡಿಡಬಾರದು ಎಂಬ ಎರಡು ಕಟ್ಟುಗಳು ಅದರಲ್ಲಿವೆ. ಕೂಡಿಡದವನ ಸುತ್ತ ಮಠ ಬೆಳೆಯುವುದಿಲ್ಲ. ಪೀಠವನ್ನು ಬಾಯಿಮಾತಿನಲ್ಲಿ ಬೇಡವೆನ್ನುವ ಅಗತ್ಯವೇ ದಾಸರಿಗೆ ಬೀಳಲಿಲ್ಲ, ಅವರ ಹೊಟ್ಟೆಪಾಡಿನ ರೀತಿಯೇ ಆ ಕೆಲಸ ಮಾಡಿತು.

ವಿಜಯದಾಸರು

ವಿಜಯದಾಸರ (1682–1755) ಹುಟ್ಟುಹೆಸರು ದಾಸಪ್ಪ. ತುಂಗಭದ್ರೆಯ ದಡದ ಚೀಕಲಪರವಿಯ ಶ್ರೀನಿವಾಸಪ್ಪ ಮತ್ತು ಕೂಸಮ್ಮ ಅವರ ತಂದೆತಾಯಿ. ಹೆಂಡತಿ ಅರಳಮ್ಮ. ಮನೆಯಲ್ಲಿ ಕಡುಬಡತನ.  ಊರು ಬಿಟ್ಟು ಅಲೆದು ಕಾಶಿಗೆ ಹೋದ ದಾಸಪ್ಪನಿಗೆ ಅಲ್ಲಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ‘ವಿಜಯ ವಿಠ್ಠಲ’ ಎಂಬ ಅಂಕಿತ (ಪದದ ಕೊನೆಯಲ್ಲಿ ಬರುವ ಮುದ್ರಿಕೆ) ಕೊಟ್ಟರೆಂದು ಪರಂಪರೆ ಹೇಳುತ್ತದೆ.

ಈ ಕನಸಿನ ಕಥೆಯನ್ನು ಪವಾಡವೆಂದು ಕೈಮುಗಿದು ಮುಂದೆ ಹೋಗುವವರಿದ್ದಾರೆ, ಕಟ್ಟುಕಥೆಯೆಂದು ಬಿಟ್ಟುಬಿಡುವವರೂ ಇದ್ದಾರೆ. ಅದು ಪರಂಪರೆಯಲ್ಲಿ ಮಾಡಿದ ಕೆಲಸವನ್ನು ಗಮನಿಸಿದರೆ ಬೇರೆಯೇ ಒಂದು ಸಂಗತಿ ತಿಳಿಯುತ್ತದೆ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ, ದಾಸಪ್ಪ ಹುಟ್ಟುವ ನೂರಹದಿನೆಂಟು ವರ್ಷ ಮೊದಲು. ಹಾಗಾದರೆ ಈ ಶಿಷ್ಯನಿಗೆ ಕಣ್ಣೆದುರಿಗೆ ಗುರುವಿಲ್ಲ, ಗುರುವಿನ ಮಠವಿಲ್ಲ, ಮಠ ಕೊಡುವ ಒಪ್ಪಿಗೆಯ ಚೀಟಿಯೂ ಇಲ್ಲ. ಯಾವ ಸಂಸ್ಥೆಯ ಅಪ್ಪಣೆಗೂ ಕಾಯದೆ ಹಾಡುವ ಹಕ್ಕು ಒಬ್ಬ ಬಡ ಗೃಹಸ್ಥನಿಗೆ ದಕ್ಕಿತು. ಆ ಹಕ್ಕು ತನ್ನದೇ ಸಾಮರ್ಥ್ಯದಿಂದ ಬಂದದ್ದೆಂದು ಹೇಳಿಕೊಳ್ಳುವ ಸಂದರ್ಭವೂ ಅವನಿಗೆ ಬರಲಿಲ್ಲ.

ವಿಜಯದಾಸರ ಮುಖ್ಯ ರಚನೆಗಳು ಸುಳಾದಿಗಳು. ಸುಳಾದಿ ಎಂದರೆ ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಮೊದಲಾದ ತಾಳಗಳು ಒಂದರ ಹಿಂದೆ ಒಂದು ಬರುವ, ಕೊನೆಗೆ ಎರಡು ಸಾಲಿನ ‘ಜತೆ’ಯಿಂದ ಮುಗಿಯುವ ದೀರ್ಘ ಹಾಡು. ಒಂದು ಶಾಸ್ತ್ರವಿಷಯವನ್ನು ಎತ್ತಿಕೊಂಡು ಹಂತಹಂತವಾಗಿ ಬಿಡಿಸಿ ಹೇಳಲು ಇದು ಒಳ್ಳೆಯ ಚೌಕಟ್ಟು. ಪಂಡಿತರು ಪಾಠಶಾಲೆಯಲ್ಲಿ ಸಂಸ್ಕೃತದಲ್ಲಿ ಹೇಳುತ್ತಿದ್ದದ್ದು ಹೀಗೆ ಹಜಾರದ ಕನ್ನಡಕ್ಕೆ ಇಳಿಯಿತು. ಪುರಂದರದಾಸರು 4,75,000 ರಚನೆ ಮಾಡಿ ಉಳಿಸಿದ 25,000ವನ್ನು ವಿಜಯದಾಸರು ಪೂರೈಸಿ ಐದು ಲಕ್ಷ ಮುಟ್ಟಿಸಿದರೆಂಬ ನಂಬಿಕೆ ಇದೆ. ಲೆಕ್ಕವಾಗಿ ಅದನ್ನು ಒಪ್ಪಬೇಕಿಲ್ಲ. ಆದರೆ ವಿಜಯದಾಸರ ಕೃತಿರಾಶಿಗೂ ಸ್ವಂತ ಯಜಮಾನಿಕೆ ಸಲ್ಲದು, ಅದು ಹಿರಿಯರ ಬಾಕಿ ಕೆಲಸ ಎಂಬ ಭಾವ ಆ ನಂಬಿಕೆಯೊಳಗಿದೆ.

ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ತಾಯಿಯೊಬ್ಬಳನ್ನು ತಡೆದು, ಅವಳ ಕೂಸನ್ನು ಮನೆಯಲ್ಲಿಟ್ಟುಕೊಂಡು ಸಾಕಿ, ಅವನು ಬೆಳೆದ ಮೇಲೆ ‘ಮೋಹನ ವಿಠ್ಠಲ’ ಅಂಕಿತ ಕೊಟ್ಟರೆಂಬುದು ಅವರ ಬಗೆಗಿನ ಇನ್ನೊಂದು ಪ್ರಸಿದ್ಧ ಕಥೆ. ಆ ಕೂಸೇ ಮೋಹನದಾಸರು. ಮಠದ ಶಿಷ್ಯ ಸ್ವೀಕಾರದ ಜಾಗದಲ್ಲಿ ಇಲ್ಲಿ ಅರಳಮ್ಮನ ಅಡುಗೆಮನೆ, ಪಡಸಾಲೆಗಳಿವೆ. ವಿಜಯದಾಸರು ತೀರಿಕೊಂಡದ್ದು ಇಂದಿನ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ. ಕಾರ್ತಿಕ ಶುದ್ಧ ದಶಮಿ ಅವರ ಆರಾಧನೆಯ ದಿನ.

ಗೋಪಾಲದಾಸರು

ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ ಮುಂದೆ ಗೋಪಾಲದಾಸರಾದರು (1722–1762). ತಂದೆ ಬೇಗ ತೀರಿಕೊಂಡು, ಆಸ್ತಿ ದಾಯಾದಿಗಳ ಪಾಲಾಗಿ, ತಾಯಿ ವೆಂಕಮ್ಮ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಸಂಕಾಪುರ ಸೇರಿದಳೆಂದು ಪರಂಪರೆಯ ಚರಿತ್ರೆಗಳು ಹೇಳುತ್ತವೆ. ಭಾಗಣ್ಣ ಗಾಯತ್ರಿ ಜಪದಲ್ಲಿ ನಿಂತವನು, ಜ್ಯೋತಿಷ್ಯ ಬಲ್ಲವನೆಂದು ಸುತ್ತಲ ಊರುಗಳಲ್ಲಿ ಹೆಸರಾದವನು. ಕೇಳಲು ಬರುವ ಜನ ಹೆಚ್ಚಿದ್ದರು. ಗುರುವಾಗಿ ಕೂರಲು ಬೇಕಾದ ಬಂಡವಾಳವೆಲ್ಲ ಅವನ ಬಳಿ ಇತ್ತೆನ್ನಬಹುದು. ವಿಜಯದಾಸರು ಅವನಿಗೆ ‘ಗೋಪಾಲ ವಿಠ್ಠಲ’ ಎಂಬ ಅಂಕಿತ ಕೊಟ್ಟ ಮೇಲೆ ಭಾಗಣ್ಣ ಹಾಡಿಗೆ ತಿರುಗಿದ. ಅಣ್ಣತಮ್ಮಂದಿರೂ ಅದೇ ಹಾದಿ ಹಿಡಿದರು. ಗುರುಗೋಪಾಲ ವಿಠ್ಠಲ, ವರದಗೋಪಾಲ ವಿಠ್ಠಲ, ತಂದೆಗೋಪಾಲ ವಿಠ್ಠಲ ಎಂಬ ಮೂರು ಅಂಕಿತಗಳು ಆ ಒಂದೇ ಮನೆಯವು.

ದಾಸರ ಗುಣಗಳನ್ನು ಎಣಿಸುವಾಗ ಭಕ್ತಿಗೆ ಭಾಗಣ್ಣನನ್ನು ಹೆಸರಿಸುವುದು ಹಳೆಯ ರೂಢಿ. ಅವರ ಪದಗಳಲ್ಲಿ ಉಪದೇಶಕ್ಕಿಂತ ಮೊರೆ ಹೆಚ್ಚು. ಕೇಳುವವನನ್ನು ತಿದ್ದುವ ಬದಲು ತನ್ನನ್ನೇ ಬೈದುಕೊಳ್ಳುವ ಧಾಟಿ ಅಲ್ಲಿನದು. ಹೆಳವನಕಟ್ಟೆ ಗಿರಿಯಮ್ಮನಂಥ ಹೆಣ್ಣುಮಗಳನ್ನು ಗೌರವದಿಂದ ಕಂಡು ಅವಳ ಹಾಡಿಕೆಗೆ ಬೆಂಬಲವಾದವರೆಂದೂ ಗೋಪಾಲದಾಸರನ್ನು ನೆನೆಯುತ್ತಾರೆ. ಅವರ ಕೊನೆಯ ನೆಲೆ ಇಂದಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರು. ಪುಷ್ಯ ಬಹುಳ ಅಷ್ಟಮಿಯಂದು ಅವರ ಆರಾಧನೆ.

ಜಗನ್ನಾಥದಾಸರು

ಮೂವರಲ್ಲಿ ಕಿರಿಯರಾದ ಜಗನ್ನಾಥದಾಸರ (1728–1809) ಬಾಳಿನಲ್ಲಿ ಪಾಂಡಿತ್ಯಕ್ಕೂ ದಾಸತ್ವಕ್ಕೂ ನೇರ ಮುಖಾಮುಖಿ ನಡೆಯಿತು. ಬ್ಯಾಗವಾಟದ ಕುಲಕರ್ಣಿ ಮನೆತನದ ಶ್ರೀನಿವಾಸ ರಾಘವೇಂದ್ರ ಮಠದ ವರದೇಂದ್ರ ತೀರ್ಥರಲ್ಲಿ ಓದಿ ಶ್ರೀನಿವಾಸಾಚಾರ್ಯನೆನಿಸಿದ. ಮಾನ್ವಿಯಲ್ಲಿ ಅವನದೇ ಶಿಷ್ಯವರ್ಗ, ಅವನದೇ ಪಾಠ. ತಂಬೂರಿ ಹಿಡಿದು ಕನ್ನಡದಲ್ಲಿ ಕುಣಿಯುವವರ ಬಗ್ಗೆ ಅವನಿಗೆ ತಾತ್ಸಾರ.

ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದಾಗ ಆಚಾರ್ಯ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡನೆಂದೂ, ನೆಪವೇ ನಿಜವಾಗಿ ಉದರವ್ಯಾಧಿ ಹತ್ತಿತೆಂದೂ, ಮಂತ್ರಾಲಯದಲ್ಲಿ ಸೇವೆ ಮಾಡಿದರೂ ಗುಣವಾಗದೆ ಕೊನೆಗೆ ವಿಜಯದಾಸರ ಬಳಿಗೇ ಹೋದನೆಂದೂ ಕಥೆ. ವಿಜಯದಾಸರು ಅವನನ್ನು ತಾವು ಇಟ್ಟುಕೊಳ್ಳಲಿಲ್ಲ. ಗೋಪಾಲದಾಸರ ಬಳಿಗೆ ಹೋಗೆಂದರು. ಗೋಪಾಲದಾಸರು ಧನ್ವಂತ್ರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಅವನಿಗೆ ಧಾರೆಯೆರೆದರು. ಆದರೆ ಅಂಕಿತ ಕೊಡಲಿಲ್ಲ, ಪಂಢರಪುರಕ್ಕೆ ಕಳಿಸಿದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮುಳುಗಿ ಎದ್ದಾಗ ‘ಜಗನ್ನಾಥ ವಿಠ್ಠಲ’ ಎಂಬ ಹೆಸರಿದ್ದ ಶಿಲೆ ಅವನ ಕೈಗೆ ಸಿಕ್ಕಿತು.

ಈ ಕಥೆಯನ್ನು ಸಾಮಾನ್ಯವಾಗಿ ಅಹಂಕಾರ ಮುರಿದ ಕಥೆಯೆಂದು ಹೇಳುತ್ತಾರೆ. ಅದಕ್ಕಿಂತ ಹೆಚ್ಚಿನ ಸಂಗತಿ ಅದರ ನಡೆಯಲ್ಲಿದೆ. ಸೀಮೆಗೇ ಹೆಸರಾದ ಪಂಡಿತ ಶರಣು ಬಂದಿದ್ದಾನೆ. ಅಂಥವನನ್ನು ಶಿಷ್ಯನಾಗಿ ಪಡೆದರೆ ಯಾರಿಗಾದರೂ ಕೀರ್ತಿ. ಹಿರಿಯರು ಅವನನ್ನು ಕಿರಿಯರ ಕಡೆಗೆ ದಾಟಿಸಿದರು, ಕಿರಿಯರು ನದಿಯ ಕಡೆಗೆ ದಾಟಿಸಿದರು. ಕೊನೆಗೆ ಹೆಸರು ಕೊಟ್ಟದ್ದು ನೀರು. ಗುರುವಾಗುವ ಅವಕಾಶ ಕೈಯಿಂದ ಕೈಗೆ ಸಾಗಿ ಯಾರ ಬಳಿಯೂ ನಿಲ್ಲಲಿಲ್ಲ.

ಜಗನ್ನಾಥದಾಸರ ‘ಹರಿಕಥಾಮೃತಸಾರ’ ದಾಸ ಸಾಹಿತ್ಯದ ಬಹುದೊಡ್ಡ ಶಾಸ್ತ್ರಕಾವ್ಯ. ಕುಮಾರವ್ಯಾಸನ ಭಾರತದಂತೆ ಇದೂ ಭಾಮಿನಿ ಷಟ್ಪದಿಯಲ್ಲಿದೆ. 32 ಸಂಧಿಗಳು, ಸಾವಿರಕ್ಕೆ ಹತ್ತಿರದ ಪದ್ಯಗಳು. ತಾನು ಹೇಳುತ್ತಿರುವುದು ಗುರುಗಳ ಕರುಣೆಯಿಂದ ತನಗೆ ಎಟುಕಿದಷ್ಟು ಮಾತ್ರ ಎಂಬ ಅರಿಕೆಯಿಂದ ಕೃತಿ ಆರಂಭವಾಗುತ್ತದೆ. ಮಂಗಳಾಚರಣ, ಕರುಣಾ, ವ್ಯಾಪ್ತಿ ಸಂಧಿಗಳ ನಂತರ ಭೋಜನ ಸಂಧಿ ಬರುತ್ತದೆ. ತಟ್ಟೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಯಾವ ರೂಪವನ್ನು ನೆನೆಯಬೇಕೆಂದು ಅಲ್ಲಿ ಹೇಳಿದೆ. ಒಲೆಯ ಮುಂದೆ ಕೂತವಳಿಗೂ ಊಟಕ್ಕೆ ಕೂತವನಿಗೂ ಎಟುಕುವ ಸಾಧನೆ ಇದು. ಪ್ರತಿ ಜೀವದ ಒಳಗೂ ಬಿಂಬರೂಪಿಯಾಗಿ ಹರಿ ನಿಂತು ಎಲ್ಲವನ್ನೂ ಮಾಡಿಸುತ್ತಾನೆ ಎಂಬ ತತ್ತ್ವ ಕೃತಿಯುದ್ದಕ್ಕೂ ಹರಿದಿದೆ. ಮಾಡಿಸುವವನು ಒಳಗಿದ್ದಾನೆಂದಾಗ ಹೊರಗಿನ ಬೋಧಕನ ಕೆಲಸ ಅದನ್ನು ನೆನಪಿಸುವುದಷ್ಟೇ. ತ್ರಿಪದಿಯಲ್ಲಿರುವ ‘ತತ್ತ್ವಸುವ್ವಾಲಿ’ಯೂ ಅವರದೇ. ಕುಟ್ಟುವಾಗ ಬೀಸುವಾಗ ಹೆಂಗಸರು ಹಾಡುವ ಧಾಟಿಗೆ ತತ್ತ್ವವನ್ನು ಹೊಂದಿಸಿದ ಕೃತಿ ಅದು.

1809ರ ಭಾದ್ರಪದ ಶುದ್ಧ ನವಮಿಯಂದು ಜಗನ್ನಾಥದಾಸರು ಮಾನ್ವಿಯಲ್ಲಿ ತೀರಿಕೊಂಡರು. ಅಲ್ಲಿನ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಪೂಜಿಸುತ್ತಾರೆ. ಲಿಂಗಸೂಗೂರಿನ ಪ್ರಾಣೇಶದಾಸರು, ಕರ್ಜಗಿಯ ಶ್ರೀದವಿಠ್ಠಲರು ಅವರಿಂದ ಮುಂದುವರಿದವರಲ್ಲಿ ಪ್ರಮುಖರು.

ಅಂಕಿತ: ಶಿಷ್ಯತ್ವದ ಬೇರೊಂದು ರೂಪ

ದಾಸಕೂಟದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಅಂಕಿತ. ಪದದ ಕೊನೆಯ ನುಡಿಯಲ್ಲಿ ಬರುವ ಮುದ್ರಿಕೆ ಅದು. ಅದು ಕವಿಯ ಹೆಸರಾಗಿರುವುದಿಲ್ಲ, ದೇವರ ಹೆಸರು. ಭಾಗಣ್ಣ ಎಂಬ ಹೆಸರಿನ ಜಾಗದಲ್ಲಿ ಗೋಪಾಲ ವಿಠ್ಠಲ ಬಂದಾಗ ಬರೆದವನು ಮರೆಗೆ ಸರಿಯುತ್ತಾನೆ. ಅಂಕಿತ ಪಡೆದವನು ಹಾಡು ಕಟ್ಟಬಹುದು, ಮನೆಮನೆಯ ಭಿಕ್ಷೆಯಾದ ಯಾಯವಾರಕ್ಕೆ ಹೋಗಬಹುದು, ಯೋಗ್ಯನೆನಿಸಿದವನಿಗೆ ತಾನೂ ಅಂಕಿತ ಕೊಡಬಹುದು. ಆದರೆ ಅಂಕಿತದೊಂದಿಗೆ ಆಸ್ತಿ ಬರುವುದಿಲ್ಲ. ಕೊಟ್ಟವನ ನಂತರ ಅವನ ಜಾಗದಲ್ಲಿ ಕೂರುವ ಒಬ್ಬನೇ ವಾರಸುದಾರನೂ ಇರುವುದಿಲ್ಲ. ವಿಜಯದಾಸರಿಂದ ಅಂಕಿತ ಪಡೆದವರು ಹಲವರು, ಅವರ ಪೀಠಕ್ಕೆ ಬಂದವರು ಯಾರೂ ಇಲ್ಲ. ಮಠದ ಪರಂಪರೆ ಗೆರೆ ಎಳೆದಂತೆ ಒಬ್ಬರ ನಂತರ ಒಬ್ಬರಿಗೆ ಸಾಗಿದರೆ, ದಾಸರ ಪರಂಪರೆ ಆಲದ ಬಿಳಲುಗಳಂತೆ ಬಿಟ್ಟ ಕಡೆ ಬೇರೂರಿತು.

ಕನಸಿನ ಅಂಕಿತ ಮುಂದೆ ಹೆಣ್ಣುಮಕ್ಕಳಿಗೂ ದಾರಿ ತೆರೆಯಿತು. 19ನೆಯ ಶತಮಾನದ ಹರಪನಹಳ್ಳಿ ಭೀಮವ್ವನಿಗೆ ‘ಭೀಮೇಶ ಕೃಷ್ಣ’ ಎಂಬ ಅಂಕಿತ ಕನಸಿನಲ್ಲಿ ಬಂದದ್ದೆಂದು ಪ್ರತೀತಿ. ಪೀಠಕ್ಕೂ ಪಾಠಶಾಲೆಗೂ ಪ್ರವೇಶವಿಲ್ಲದವಳಿಗೆ ನಿದ್ದೆಯಲ್ಲಿ ಪ್ರವೇಶ ಸಿಕ್ಕಿತು.

ಮಾಧ್ವರು ಗುರುಗಳಲ್ಲಿ ನಿಯತಗುರು, ಅನಿಯತಗುರು ಎಂದು ಎರಡು ಬಗೆ ಹೇಳುತ್ತಾರೆ. ಜೀವದ ಅನಾದಿ ಯೋಗ್ಯತೆಗೆ ತಕ್ಕಂತೆ ಗೊತ್ತಾಗಿರುವವನು ನಿಯತಗುರು. ದಾರಿಯಲ್ಲಿ ಸಿಕ್ಕಿ ತಿಳಿಸುವವರೆಲ್ಲ ಅನಿಯತಗುರುಗಳು. ಎಲ್ಲರಿಗೂ ಮೇಲೆ ಜೀವೋತ್ತಮನಾದ ವಾಯು, ಅವನಿಗೂ ಮೇಲೆ ಹರಿ. ಈ ಏಣಿಯಲ್ಲಿ ಊರ ದಾಸನಿಗೆ ಸಿಗುವುದು ಕೆಳಗಿನ ಮೆಟ್ಟಿಲು. ದಾಸರ ವಿನಯಕ್ಕೆ ಸ್ವಭಾವದ ಜೊತೆಗೆ ಸಿದ್ಧಾಂತದ ಒತ್ತಾಸೆಯೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ಸೀಮೆಯ ಇತರ ಧಾರೆಗಳು

ರಾಯಚೂರು ಸೀಮೆಯಲ್ಲಿ ಗುರುವಿಗೆ ಅತಿ ಎತ್ತರದ ಸ್ಥಾನ ಕೊಟ್ಟ ಪರಂಪರೆಗಳೂ ಅಕ್ಕಪಕ್ಕದಲ್ಲೇ ಇವೆ. ರಾಯಚೂರು ತಾಲ್ಲೂಕಿಗೆ ಸೇರಿದ, ಕೃಷ್ಣೆಯ ನಡುಗಡ್ಡೆಯಾದ ಕುರುವಪುರ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಅವರನ್ನು ಆರಾಧಿಸುವ ದತ್ತ ಸಂಪ್ರದಾಯದಲ್ಲಿ ಗುರುವೇ ದೇವರು. ತಮಾಷೆಯೆಂದರೆ ಅದೇ ಸಂಪ್ರದಾಯ ನೆನೆಯುವ ಭಾಗವತದ ಅವಧೂತ ಭೂಮಿ, ಗಾಳಿ, ಜೇನುನೊಣ, ಹೆಬ್ಬಾವು ಸೇರಿ 24 ಗುರುಗಳನ್ನು ಎಣಿಸುತ್ತಾನೆ. ಅಷ್ಟು ಮಂದಿ ಗುರುಗಳಿರುವಾಗ ಒಬ್ಬನ ಪೀಠಕ್ಕೆ ಅರ್ಥವೇ ಉಳಿಯುವುದಿಲ್ಲ. ದೇವದುರ್ಗದ ಕಡೆಯಿಂದ ಕೃಷ್ಣೆ ದಾಟಿದರೆ ತಿಂಥಣಿ. ಅಲ್ಲಿನ ಮೌನೇಶ್ವರನಿಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಆಚೆಗೆ ಕಡಕೋಳ ಮಡಿವಾಳಪ್ಪನ ತತ್ವಪದಗಳ ನಾಡು. ತತ್ವಪದಕಾರರು ಜಾತಿ ಮತ ಮಡಿಗಳನ್ನು ಗೇಲಿ ಮಾಡಿದರೂ ಗುರುವನ್ನು ಬಿಟ್ಟುಕೊಡಲಿಲ್ಲ. ಜಾತಿಕಟ್ಟು ಮೀರಲು ಅವರಿಗೆ ಗುರುಬಲ ಬೇಕಿತ್ತು.

12ನೆಯ ಶತಮಾನದ ಶರಣರ ನಿಲುವು ಇನ್ನೊಂದು ಬಗೆ. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಊರೆಂದು ಪ್ರಸಿದ್ಧ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಸುರಿದು ಬಾ ಎಂದವಳು ಲಕ್ಕಮ್ಮ. ಆ ಹೊತ್ತಿನ ಬೋಧಕಿ ಅವಳೇ. ಗುರು, ಲಿಂಗ, ಜಂಗಮ ಎಂದು ಗುರುವಿಗೆ ಮೊದಲ ಸ್ಥಾನ ಕೊಟ್ಟ ಧರ್ಮದಲ್ಲಿಯೂ ಅರಿವನ್ನು ಗುರುವೆಂದು ಕರೆಯುವ ಮಾತು ಬೆಳೆದದ್ದು, ಬಸವಣ್ಣ ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಹೇಳಿಕೊಂಡದ್ದು ಈ ಹಿನ್ನೆಲೆಯಲ್ಲೇ.

20ನೆಯ ಶತಮಾನದ ನಿರಾಕರಣೆಗಳು

ಆಧುನಿಕ ಕಾಲದಲ್ಲಿ ನಿರಾಕರಣೆ ನೇರ ಮಾತಿಗೆ ಬಂತು. ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿಯವರನ್ನು ಥಿಯಾಸಾಫಿಕಲ್ ಸೊಸೈಟಿಯವರು ಜಗದ್ಗುರುವಾಗಿಸಲೆಂದೇ ಬೆಳೆಸಿದರು. ಅದಕ್ಕಾಗಿ 1911ರಲ್ಲಿ ಒಂದು ಸಂಘವೂ ಹುಟ್ಟಿತು. 1929ರ ಆಗಸ್ಟ್ 3ರಂದು ನೆದರ್ಲೆಂಡ್ಸಿನ ಓಮೆನ್‌ನಲ್ಲಿ, ಸಾವಿರಾರು ಅನುಯಾಯಿಗಳೆದುರು, ಕೃಷ್ಣಮೂರ್ತಿ ಆ ಸಂಘವನ್ನು ತಾವೇ ವಿಸರ್ಜಿಸಿದರು. ಸತ್ಯಕ್ಕೆ ಸಿದ್ಧ ದಾರಿಯಿಲ್ಲ, ಅದನ್ನು ಸಂಘ ಕಟ್ಟಿ ಹಂಚಲು ಬರುವುದಿಲ್ಲ ಎಂಬುದು ಅವರ ವಾದದ ತಿರುಳು. ಅನಂತರ 1986ರವರೆಗೂ ಬೆಂಗಳೂರೂ ಸೇರಿದಂತೆ ಊರೂರಿನಲ್ಲಿ ಮಾತಾಡಿದರು. ಬೆಂಗಳೂರಿನ ವ್ಯಾಲಿ ಸ್ಕೂಲ್ ಅವರ ಚಿಂತನೆಯ ಮೇಲೆ ನಡೆಯುವ ಶಾಲೆ.

ಯು.ಜಿ. ಕೃಷ್ಣಮೂರ್ತಿ (1918–2007) ಇನ್ನೂ ಮುಂದೆ ಹೋದರು. ತಮ್ಮ ಬಳಿ ಕೊಡಲು ಏನೂ ಇಲ್ಲ, ಬಂದವರು ಹೋಗಬಹುದು ಎಂದರು. 1972ರಲ್ಲಿ ಬೆಂಗಳೂರಿನ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಮಾಡಿದ ಭಾಷಣದ ನಂತರ ವೇದಿಕೆಯೇ ಹತ್ತಲಿಲ್ಲ. ಮನೆಗಳಲ್ಲಿ ಕೂತು ಬಂದವರ ಜೊತೆ ಜಗಳದ ಧಾಟಿಯಲ್ಲಿ ಹರಟುವುದೇ ಅವರ ಕ್ರಮವಾಯಿತು. ತಿರುವಣ್ಣಾಮಲೆಯ ರಮಣ ಮಹರ್ಷಿಗಳು (1879–1950) ಬೈಯಲೂ ಇಲ್ಲ, ಒಪ್ಪಲೂ ಇಲ್ಲ. ವಿಧಿಪೂರ್ವಕ ದೀಕ್ಷೆ ಕೊಡದೆ, ಕೇಳಿದವರನ್ನು ಅವರವರ ಕಡೆಗೇ ತಿರುಗಿಸಿದರು.

ಉತ್ತರ ಕರ್ನಾಟಕದವರಿಗೆ ಹತ್ತಿರದ ಉದಾಹರಣೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಬಿಜ್ಜರಗಿಯಲ್ಲಿ ಹುಟ್ಟಿ ಮಲ್ಲಿಕಾರ್ಜುನ ಸ್ವಾಮಿಗಳಲ್ಲಿ ಬೆಳೆದ ಅವರು ಊರೂರಿಗೆ ಹೋಗಿ ದಿನಗಟ್ಟಲೆ ಪ್ರವಚನ ಮಾಡಿದರು. ತೊಟ್ಟದ್ದು ಕಿಸೆಯಿಲ್ಲದ ಬಿಳಿ ಅಂಗಿ. ಗೋಪಾಳಬುಟ್ಟಿಯ ದಾಸನಿಗೆ ನಾಳೆಗೆ ಕೂಡಿಡಬಾರದೆಂಬ ನಿಯಮವಿದ್ದರೆ, ಈ ಅಂಗಿಯಲ್ಲಿ ಇಂದಿನದನ್ನು ಇಟ್ಟುಕೊಳ್ಳಲೂ ಜಾಗವಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಮರಳಿಸಿದರು. ತಮಗೆ ಸ್ಮಾರಕ ಕಟ್ಟಬಾರದು, ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಅದರಂತೆಯೇ ದಹನವಾಯಿತು. ವೀರಶೈವ ಸ್ವಾಮಿಗಳಿಗೆ ಸಮಾಧಿ, ಸಮಾಧಿಗೆ ಗದ್ದುಗೆ, ಗದ್ದುಗೆಗೆ ಜಾತ್ರೆ ಎಂಬ ರೂಢಿಯಿರುವ ನಾಡಿನಲ್ಲಿ ಆ ಬರಹ ಸಣ್ಣ ಮಾತಲ್ಲ.

ಮಿತಿ ಮತ್ತು ವಿಮರ್ಶೆ

ರಾಯಚೂರು ದಾಸರ ನಿಲುವನ್ನು ಹೊಗಳಿಕೆಯಲ್ಲಿ ಮುಗಿಸಲು ಬರುವುದಿಲ್ಲ. ಮೊದಲನೆಯದಾಗಿ, ಆತ್ಮನಿಂದೆ ಮತ್ತು ದೈನ್ಯ ಭಕ್ತಿಕಾವ್ಯದ ರೂಢಿ. ಪದದಲ್ಲಿ ತಾನು ನೀಚನೆಂದು ಹೇಳಿಕೊಂಡ ಮಾತ್ರಕ್ಕೆ ಊರಿನಲ್ಲಿ ಅವನ ಗೌರವ ಕಡಿಮೆಯಿತ್ತೆಂದು ತಿಳಿಯಬಾರದು. ಎರಡನೆಯದಾಗಿ, ಪೀಠವಿಲ್ಲದಿದ್ದರೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕನಕದಾಸರ ಕಾಲದ ಅಷ್ಟಿಷ್ಟು ತೆರೆದತನವೂ 18ನೆಯ ಶತಮಾನದ ಹೊತ್ತಿಗೆ ಕುಗ್ಗಿ, ಅಂಕಿತಗಳು ಬಹುಮಟ್ಟಿಗೆ ಬ್ರಾಹ್ಮಣ ಮನೆಗಳೊಳಗೇ ಓಡಾಡಿದವು. ಮೂರನೆಯದಾಗಿ, ಹರಿಕಥಾಮೃತಸಾರದ ತಾರತಮ್ಯ ಸಂಧಿಗಳು ದೇವತೆಗಳನ್ನೂ ಜೀವಗಳನ್ನೂ ಮೇಲುಕೀಳಿನ ಸಾಲಿನಲ್ಲಿ ನಿಲ್ಲಿಸುತ್ತವೆ. ಮನುಷ್ಯ ಗುರುವಿನ ಗದ್ದುಗೆ ಹೋದರೂ ಏಣಿ ಹಾಗೇ ಉಳಿಯಿತು.

ಇನ್ನೊಂದು ಮಾತು, ದಾಸರು ಪೀಠದ ಎದುರು ಬಂಡೆದ್ದವರಲ್ಲ. ವಿಜಯದಾಸರು ಯತಿಗಳನ್ನು ಸ್ತುತಿಸಿ ಹಾಡಿದ್ದಾರೆ. ಜಗನ್ನಾಥದಾಸರು ರಾಘವೇಂದ್ರ ಮಠದ ಭಕ್ತರಾಗಿಯೇ ಬಾಳಿದರು. ಮಠಗಳೂ ದಾಸರನ್ನು ಗೌರವಿಸಿದವು. ಪೀಠವಿರುವವರು ಇರಲಿ, ತಾವು ಮಾತ್ರ ಅಲ್ಲಿ ಕೂರುವವರಲ್ಲ ಎಂಬುದು ದಾಸರ ನಡೆ. ಈ ಹೊಂದಾಣಿಕೆಯಿಂದಲೇ ಅವರ ಪದಗಳು ಮಠದ ಹಜಾರದಲ್ಲಿಯೂ ಉಳಿದವು. ಅದೇ ಹೊಂದಾಣಿಕೆಯ ಕಾರಣ ಮಠದ ಅಧಿಕಾರವನ್ನು ಅವು ಪ್ರಶ್ನಿಸಲೂ ಇಲ್ಲ.

ಇಂದಿನ ಸ್ಥಿತಿ

ಈಗ ಚೀಕಲಪರವಿಯಲ್ಲಿ ವಿಜಯದಾಸರ ಕಟ್ಟೆ, ಮಾನ್ವಿಯಲ್ಲಿ ಜಗನ್ನಾಥದಾಸರ ಮಂದಿರ ಯಾತ್ರಾಸ್ಥಳಗಳು. ಆರಾಧನೆಯ ದಿನಗಳಲ್ಲಿ ಪಂಚಾಮೃತ, ಅಲಂಕಾರ, ಮೆರವಣಿಗೆ, ಅನ್ನಸಂತರ್ಪಣೆ ನಡೆಯುತ್ತವೆ. ವಿಜಯದಾಸರನ್ನು ಭೃಗು ಋಷಿಯ, ಗೋಪಾಲದಾಸರನ್ನು ಗಣಪತಿಯ, ಜಗನ್ನಾಥದಾಸರನ್ನು ಪ್ರಹ್ಲಾದನ ತಮ್ಮನಾದ ಸಹ್ಲಾದನ ಅಂಶವೆಂದು ಭಕ್ತರು ನಂಬುತ್ತಾರೆ. ಪದಗಳಲ್ಲಿ ಅವರನ್ನು ಗುರುಗಳೆಂದೇ ಕರೆದು ಮಂಗಳಾರತಿ ಎತ್ತುತ್ತಾರೆ. ಬದುಕಿದ್ದಾಗ ಒಲ್ಲೆನೆಂದ ಸ್ಥಾನ ತೀರಿಕೊಂಡ ಮೇಲೆ ಅವರಿಗೆ ಬಂತು. ಕೃಷ್ಣಮೂರ್ತಿಯವರ ಪ್ರತಿಷ್ಠಾನಗಳು, ರಮಣರ ಆಶ್ರಮ ನೋಡಿದರೆ ಇದು ರಾಯಚೂರಿನ ಭಕ್ತರ ಸ್ವಭಾವ ಮಾತ್ರವಲ್ಲವೆಂದು ತಿಳಿಯುತ್ತದೆ.

ಆದರೂ ದಾಸರು ಹಾಕಿಕೊಟ್ಟ ಕಲಿಕೆಯ ಕ್ರಮ ಇನ್ನೂ ನಡೆಯುತ್ತಿದೆ. ಲಿಂಗಸೂಗೂರಿನ ಗೊರಬಾಳ ಹನುಮಂತರಾಯರು ಹಸ್ತಪ್ರತಿಗಳನ್ನು ಹುಡುಕಿ, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಈ ದಾಸರ ಪದ ಸುಳಾದಿಗಳನ್ನು ಅಚ್ಚಿಗೆ ತಂದರು. ರಾಯಚೂರು, ಮಾನ್ವಿ, ದೇವದುರ್ಗಗಳ ಭಜನಾ ಮಂಡಳಿಗಳಲ್ಲಿ ಹರಿಕಥಾಮೃತಸಾರದ ಪಾರಾಯಣ ನಡೆಯುತ್ತದೆ. ಅಲ್ಲಿ ಬಹುಪಾಲು ಹೆಂಗಸರು. ಒಬ್ಬಳು ಒಂದು ನುಡಿ ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳುತ್ತಾರೆ, ಮುಂದಿನ ವಾರ ಎತ್ತಿಕೊಡುವವಳು ಬೇರೊಬ್ಬಳು. ಹೇಳಿಕೊಡುವವಳಿಗೂ ಕಲಿಯುವವಳಿಗೂ ಹಾಸಿದ್ದು ಒಂದೇ ಜಮಖಾನ.